ಪೇಟಿ ಮಾಸ್ತರನ ಪಕ್ಕ ಕೂತು ಟೊಸ್ಕಾನಿನಿ ಕೇಳುವುದು ಹೇಗೆ

ನಮ್ಮ ಕಾಕಾ ನಾಟಕ ಕಂಪನಿಯಲ್ಲಿ ಪೇಟಿ (ಹಾರ್ಮೋನಿಯಂ) ಮಾಸ್ತರ ಆಗಿದ್ದರು. ಗದಗ ಕಡೆಯ ಕಂಪನಿ. ವರ್ಷದ ಬಹುಪಾಲು ಊರೂರಲ್ಲಿ ಕ್ಯಾಂಪು, ಬನಶಂಕರಿ ಜಾತ್ರೆ ಬಂತೆಂದರೆ ಮುಕ್ಕಾಮು ಅಲ್ಲೇ. ಸಾಲಿ ಸೂಟಿಯಲ್ಲಿ ನಾನು ಅವರ ಪಕ್ಕ ಕೂತು ನಾಟಕ ನೋಡುತ್ತಿದ್ದೆ. ರಂಗದ ಮುಂದೆ ಸ್ವಲ್ಪ ತಗ್ಗಿನಲ್ಲಿ ಅವರ ಜಾಗ. ಅಲ್ಲಿಂದ ಪಾತ್ರಧಾರಿಯ ಕಾಲು ಮೊದಲು ಕಾಣುತ್ತದೆ, ಮುಖ ಆಮೇಲೆ. ನಾನು ಕಾಕಾನ ಬೆರಳುಗಳನ್ನೇ ನೋಡುತ್ತಿದ್ದೆ. ಒಂದು ರಾತ್ರಿ ಅವರು ಮೆಲ್ಲಗೆ ಹೇಳಿದರು: "ನನ್ನ ಕೈ ಏನ್ ನೋಡ್ತಿಯೋ, ಅಕಿ ಉಸರು ನೋಡು. ಅಕಿ ಉಸರು ತಗೊಂಡ ಮ್ಯಾಲ ನಾ ಸುರ ಕೊಟ್ರ ತಡ ಆತು."

ಒಪೆರಾ, ಅಂದರೆ ಕತೆಯೆಲ್ಲ ಹಾಡಿನಲ್ಲೇ ನಡೆಯುವ ಪಶ್ಚಿಮದ ಸಂಗೀತ ನಾಟಕ, ಕೇಳಲು ನಿಮಗೆ ಬೇಕಾದ ಮೊದಲ ಪಾಠ ಇದೇ. ಇದನ್ನು ನಾನು ಬರೆಯುತ್ತಿರುವುದು ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಕೇಳುಗರಿಗೆ. ಖ್ಯಾಲ್, ಠುಮ್ರಿ, ವಚನ, ನಾಟಕದ ಪದ ಕೇಳಿ ಕಿವಿ ಹದವಾಗಿದೆ, ಆದರೆ ಒಪೆರಾ ಅಂದ ಕೂಡಲೇ "ಅದೇನ್ ಚೀರಾಟ" ಅಂತ ಬಂದ್ ಮಾಡುತ್ತೀರಿ, ಅಂಥವರಿಗೆ. ಒಪೆರಾ ಪೂರ್ತಿ ಕಲಿಸುವುದು ಒಂದು ಬರಹದಲ್ಲಿ ಆಗದ ಮಾತು. ಅದಕ್ಕೆ ಒಬ್ಬ ಮನುಷ್ಯನನ್ನು ಹಿಡಿಯೋಣ, ಅವರ ಬೆನ್ನು ಹತ್ತೋಣ. ಇಟಲಿಯ ಪಾರ್ಮಾ ಊರಲ್ಲಿ 1867ರ ಮಾರ್ಚ್ 25ರಂದು ಹುಟ್ಟಿ, ಅರ್ಧ ಬದುಕನ್ನು ಪರದೇಶದಲ್ಲಿ ಕಳೆದು, ನ್ಯೂಯಾರ್ಕಿನಲ್ಲಿ ಕಣ್ಣುಮುಚ್ಚಿದ ಕಂಡಕ್ಟರ್, ಅಂದರೆ ಕೈಯಲ್ಲಿ ಕೋಲು ಹಿಡಿದು ಹಾಡುವವರನ್ನೂ ವಾದಕರನ್ನೂ ಒಟ್ಟಿಗೆ ನಡೆಸುವವರು, ಆರ್ಟುರೊ ಟೊಸ್ಕಾನಿನಿ. ಒಬ್ಬರನ್ನು ಸರಿಯಾಗಿ ಹಿಂಬಾಲಿಸಿದರೆ ಉಳಿದವರ ದಾರಿ ತಾನೇ ಕಾಣುತ್ತದೆ.

ಶುರುವಿನಲ್ಲಿ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ, ನೀವೂ ಅದನ್ನೇ ಮಾಡುತ್ತೀರಿ. ನಾನು ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದೆ. ಎರಡು ನಿಮಿಷದಲ್ಲಿ ಸಮ ತಪ್ಪಿತು, ಮತ್ತೆ ಹಿಡಿದೆ, ಮತ್ತೆ ತಪ್ಪಿತು. ಇವರಿಗೆ ಲಯವೇ ಇಲ್ಲ ಅನ್ನಿಸಿತು. ಲಯ ಇದೆ, ಆದರೆ ಅಲ್ಲಿ ಆವರ್ತನ ಇಲ್ಲ. ಮಾತಿನ ಭಾವಕ್ಕೆ ತಕ್ಕಂತೆ ನಡೆ ಹಿಗ್ಗುತ್ತದೆ, ಕುಗ್ಗುತ್ತದೆ, ಒಂದು ಸ್ವರದ ಮೇಲೆ ಎಲ್ಲರೂ ಉಸಿರು ಹಿಡಿದು ನಿಲ್ಲುತ್ತಾರೆ, ಮತ್ತೆ ಹೊರಡುತ್ತಾರೆ. ಆ ಹಿಗ್ಗು ಎಷ್ಟು, ಆ ನಿಲುಗಡೆ ಎಷ್ಟು ಹೊತ್ತು, ಯಾವಾಗ ಹೊರಡಬೇಕು, ಇದನ್ನೆಲ್ಲ ತೀರ್ಮಾನಿಸುವವರು ಕಂಡಕ್ಟರ್. ಹಾಗಾಗಿ ತಾಳ ಹಾಕುವುದನ್ನು ಬಿಡಿ. ಕೈ ಎದೆಯ ಮೇಲೆ ಇಟ್ಟುಕೊಳ್ಳಿ, ಹಾಡುವವರ ಜೊತೆ ಉಸಿರಾಡಿ. ಬೇರೆ ಯಾವ ಉಪಾಯಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

ಕಂಡಕ್ಟರ್ ನಿಲ್ಲುವ ಜಾಗ ಕಣ್ಣ ಮುಂದೆ ತಂದುಕೊಳ್ಳಿ. ರಂಗದ ಮುಂದೆ ಒಂದು ದೊಡ್ಡ ತಗ್ಗು, ಅದರಲ್ಲಿ ಎಪ್ಪತ್ತು ಎಂಬತ್ತು ಮಂದಿ ವಾದಕರು. ಅವರಿಗೆ ರಂಗದ ಮೇಲೆ ಏನು ನಡೆಯುತ್ತಿದೆ ಅಂತ ಸರಿಯಾಗಿ ಕಾಣುವುದಿಲ್ಲ. ಮೇಲೆ ಹಾಡುವವರು ನಡೆಯುತ್ತ, ಬೀಳುತ್ತ, ಅಳುತ್ತ ಹಾಡಬೇಕು, ಅವರಿಗೆ ಕೆಳಗಿನ ವಾದ್ಯ ಅರ್ಧಂಬರ್ಧ ಕೇಳುತ್ತದೆ. ಎರಡೂ ಕಡೆ ಕಾಣುವ, ಎರಡೂ ಕಡೆ ಕೇಳುವ ಜಾಗ ಒಂದೇ. ನಮ್ಮ ಪೇಟಿ ಮಾಸ್ತರ ಕೂರುತ್ತಿದ್ದದ್ದೂ ಅಲ್ಲೇ ಅಲ್ವಾ? ಒಂದು ದೊಡ್ಡ ವ್ಯತ್ಯಾಸ ಮಾತ್ರ ಇದೆ. ಕಾಕಾ ಸುರ ಕೊಟ್ಟು ನಡೆಸುತ್ತಿದ್ದರು, ಇವರು ಒಂದು ಸ್ವರವನ್ನೂ ನುಡಿಸದೆ ನಡೆಸುತ್ತಾರೆ. ಇಟಲಿಯಲ್ಲಿ ಇವರನ್ನು ಕರೆಯುವುದು "ಮಾಯೆಸ್ಟ್ರೊ" ಅಂತ. ನಮ್ಮ "ಮಾಸ್ತರ" ಮತ್ತು ಅವರ "ಮಾಯೆಸ್ಟ್ರೊ", ಎರಡರ ಬೇರೂ ಲ್ಯಾಟಿನ್ನಿನ ಒಂದೇ ಶಬ್ದ. ಇದು ಗೊತ್ತಾದ ದಿನ ನನಗೆ ಆದ ಖುಷಿ ಸಣ್ಣದಲ್ಲ.

ಈಗ ಒಂದು ಕೃತಿ ಆರಿಸಿ. ಒಂದೇ. ನನ್ನ ಸಲಹೆ ಇಟಲಿಯ ಸಂಗೀತಕಾರ ಪುಚ್ಚಿನಿಯವರ "ಲಾ ಬೊಹೆಮ್". ಎರಡು ಗಂಟೆಯೊಳಗೆ ಮುಗಿಯುತ್ತದೆ, ಕತೆ ನಮಗೆ ದೂರದ್ದಲ್ಲ. ಪ್ಯಾರಿಸ್ಸಿನಲ್ಲಿ ಚಳಿಗಾಲ, ಅಟ್ಟದ ಮೇಲೆ ಬಾಡಿಗೆ ಕೊಡಲಾಗದ ನಾಲ್ಕು ಜನ ಗೆಳೆಯರು, ಪಕ್ಕದಲ್ಲಿ ಹೊಲಿಗೆ ಕಸೂತಿ ಮಾಡಿ ಬದುಕುವ ಮಿಮಿ ಎಂಬ ಹುಡುಗಿ, ಅವಳಿಗೆ ಕ್ಷಯ. ಇದನ್ನು ಆರಿಸಲು ಇನ್ನೂ ಒಂದು ಕಾರಣ ಇದೆ. 1896ರ ಫೆಬ್ರುವರಿ 1ರಂದು ಟ್ಯುರಿನ್ನಿನಲ್ಲಿ ಇದರ ಮೊಟ್ಟಮೊದಲ ಪ್ರಯೋಗ ನಡೆಸಿದವರು 28 ವರ್ಷದ ಟೊಸ್ಕಾನಿನಿ. ಸರಿಯಾಗಿ 50 ವರ್ಷಕ್ಕೆ, 1946ರ ಫೆಬ್ರುವರಿಯಲ್ಲಿ, ನ್ಯೂಯಾರ್ಕಿನ ರೇಡಿಯೋ ಸ್ಟುಡಿಯೋದಲ್ಲಿ ಅದನ್ನೇ ಮತ್ತೆ ನಡೆಸಿದವರೂ ಅವರೇ. ಆ ಎರಡನೆಯದು ಧ್ವನಿಮುದ್ರಣವಾಗಿ ಉಳಿದಿದೆ. ಹುಡುಕಿದರೆ ಫೋನಿನಲ್ಲೇ ಸಿಗುತ್ತದೆ.

ಪೂರ್ತಿ ಕೇಳಬೇಡಿ. ಮೊದಲ ಅಂಕದ ಕೊನೆಯ ಹದಿನೈದು ಹದಿನೆಂಟು ನಿಮಿಷ ಸಾಕು. ಮಿಮಿ ಆರಿದ ಮೇಣಬತ್ತಿ ಹಿಡಿದು ಆ ಗೆಳೆಯರಲ್ಲಿ ಒಬ್ಬನಾದ ರೊಡೊಲ್ಫೊನ ಬಾಗಿಲು ಬಡಿಯುವಲ್ಲಿಂದ ಹಚ್ಚಿ. ಕೀಲಿಕೈ ಬೀಳುತ್ತದೆ, ಕತ್ತಲಲ್ಲಿ ಇಬ್ಬರೂ ನೆಲ ತಡವುತ್ತಾರೆ, ಕೈಗೆ ಕೈ ತಾಗುತ್ತದೆ. ಆಗ ರೊಡೊಲ್ಫೊ ಹಾಡಲು ಶುರು ಮಾಡುತ್ತಾನೆ, ನಿನ್ನ ಕೈ ಎಷ್ಟು ತಣ್ಣಗಿದೆ ಅಂತ. ಗಮನಿಸಿ, ಅವನು ಬಹಳ ಹೊತ್ತು ಒಂದೇ ಸ್ವರದ ಮೇಲೆ ನಿಂತು, ಮಾತಾಡುವ ಹಾಗೆ ಹಾಡುತ್ತಾನೆ. ನಮ್ಮಲ್ಲಿ ಗಾಯಕರು ಷಡ್ಜದಲ್ಲಿ ಕೂತು ರಾಗದ ಬಾಗಿಲು ತೆರೆಯುವ ಮುಂಚೆ ಸ್ವಲ್ಪ ತಡೆಯುತ್ತಾರಲ್ಲ, ಹಾಗೆ. ಆಮೇಲೆ ಮೆಲ್ಲಗೆ ಮೇಲೇರಿ, ಕೊನೆಗೆ ತಾರದ ಒಂದು ದೊಡ್ಡ ಸ್ವರ ಮುಟ್ಟುತ್ತಾನೆ. ಆ ದೊಡ್ಡ ಸ್ವರಕ್ಕೇ ಎಲ್ಲರೂ ಕಾಯುತ್ತಾರೆ. ನೀವು ಅದಕ್ಕೆ ಕಾಯಬೇಡಿ. ಅದಕ್ಕೆ ಮುಂಚಿನ ಉಸಿರಿಗೆ ಕಾಯಿರಿ.

ಇದೇ ಹದಿನೆಂಟು ನಿಮಿಷವನ್ನು ಮೂರು ರಾತ್ರಿ ಕೇಳಿ, ಇಯರ್‌ಫೋನ್ ಹಾಕಿಕೊಂಡು. ಮೊದಲ ರಾತ್ರಿ ಕಂಠ ಮಾತ್ರ. ಎರಡನೆಯ ರಾತ್ರಿ ಕಂಠದ ಕೆಳಗೆ ಪಿಟೀಲುಗಳು ಏನು ಮಾಡುತ್ತಿವೆ ಅಂತ. ಅಲ್ಲೊಂದು ಸ್ವಾರಸ್ಯ ಇದೆ: ಪುಚ್ಚಿನಿ ಬಹಳ ಕಡೆ ಹಾಡುವವರ ಸ್ವರವನ್ನೇ ಪಿಟೀಲುಗಳಿಗೂ ಕೊಟ್ಟಿದ್ದಾರೆ, ಅಂದರೆ ನಮ್ಮ ಬೈಠಕ್ಕಿನಲ್ಲಿ ಪೇಟಿ ಗಾಯಕರ ಜೊತೆ ಸಾಥ್ ಕೊಡುತ್ತ ಹೋದ ಹಾಗೆ. ಮೂರನೆಯ ರಾತ್ರಿ ಇವೆರಡರ ನಡುವಿನ ಸಂದು ಮಾತ್ರ ಕೇಳಿ. ಬೈಠಕ್ಕಿನಲ್ಲಿ ಪೇಟಿ ಕೂದಲೆಳೆಯಷ್ಟು ಹಿಂದೆ ಬರುತ್ತದೆ, ಬರಲೇಬೇಕು, ಗಾಯಕರು ಎಲ್ಲಿ ಹೋಗುತ್ತಾರೋ ಯಾರಿಗೂ ಗೊತ್ತಿಲ್ಲ. ಒಪೆರಾದಲ್ಲಿ ಸ್ವರ ಎಲ್ಲ ಬರೆದಿಟ್ಟದ್ದು, ಆದರೆ ಇಷ್ಟು ಜನ ಒಬ್ಬಳ ಉಸಿರಿನ ಜೊತೆ ಒಂದೇ ಗಳಿಗೆಗೆ ಇಳಿಯಬೇಕು. ಅವರು ಕೇಳಿಸಿಕೊಂಡು ಆಮೇಲೆ ನುಡಿಸಿದರೆ ತಡವಾಯಿತು. ಹಾಗಾಗಿ ಕಂಡಕ್ಟರ್ ಕೂದಲೆಳೆಯಷ್ಟು ಮುಂದೆ ಇರಬೇಕು. ಅವಳು ಉಸಿರು ತೆಗೆದುಕೊಳ್ಳುವ ಮುಂಚೆಯೇ ಅವಳು ಎಷ್ಟು ಉಸಿರು ತೆಗೆದುಕೊಳ್ಳುತ್ತಾಳೆ ಅಂತ ಗೊತ್ತಿರಬೇಕು. ಕಾಕಾ ಹೇಳಿದ್ದು ಇದೇ.

ಇದು ಕಿವಿಗೆ ಹಿಡಿದ ಮೇಲೆ ಅದೇ ಜಾಗವನ್ನು ಟುಲಿಯೊ ಸೆರಾಫಿನ್ ನಡೆಸಿದ 1959ರ ಮುದ್ರಣದಲ್ಲಿ ಕೇಳಿ. ರೆನಾಟಾ ಟೆಬಾಲ್ಡಿ, ಕಾರ್ಲೊ ಬೆರ್ಗೊಂಜಿ ಹಾಡಿದ್ದು. ಸೆರಾಫಿನ್ ಹುಡುಗರಾಗಿದ್ದಾಗ ಮಿಲಾನಿನ ಲಾ ಸ್ಕಾಲಾ ಒಪೆರಾ ಥಿಯೇಟರಿನಲ್ಲಿ ಟೊಸ್ಕಾನಿನಿಯವರ ಕೈಕೆಳಗೆ ವಿಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡ ವಾದ್ಯ) ನುಡಿಸಿದವರು, ಆಮೇಲೆ 1924ರಿಂದ 1934ರವರೆಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಕೆಲಸ ಮಾಡಿದವರು. ಒಂದೇ ನೀರು ಕುಡಿದವರು, ಆದರೂ ಎಷ್ಟು ಬೇರೆ! ಟೊಸ್ಕಾನಿನಿ ಮುಂದೆ ಎಳೆದುಕೊಂಡು ಹೋಗುತ್ತಾರೆ, ಸೆರಾಫಿನ್ ದಾರಿ ಬಿಟ್ಟು ಕೊಡುತ್ತಾರೆ. ನನಗೆ ಮಿಮಿಯ ಹಾಡು ಸೆರಾಫಿನ್ನರಲ್ಲೇ ಹೆಚ್ಚು ಇಷ್ಟ. ಇಬ್ಬರ ಜೋಡಿ ಹಾಡು ಮಾತ್ರ ಟೊಸ್ಕಾನಿನಿಯವರದೇ. ನಿಮಗೆ ಬೇರೆ ಅನ್ನಿಸಿದರೆ ಒಳ್ಳೆಯದೇ ಆಯಿತು, ಕಿವಿ ತೆರೆದಿದೆ ಅಂತ ಅರ್ಥ.

ಇಲ್ಲಿಂದ ಮುಂದೆ ಒಂದು ನೋಟ್‌ಬುಕ್ ಬೇಕು. ಐದು ಗೆರೆ ಹೊಡೆಯಿರಿ: ವರ್ಷ, ಊರು, ಕೃತಿ, ಯಾಕೆ ಹೋದರು, ಯಾಕೆ ಬಿಟ್ಟರು. ಮೊದಲ ಮೂರು ಎಲ್ಲ ಕಡೆ ಸಿಗುತ್ತವೆ. ಮನುಷ್ಯ ಸಿಗುವುದು ಕೊನೆಯ ಎರಡರಲ್ಲಿ. ಸಂಗೀತಗಾರರು ಊರು ಬಿಡುವುದು ನಮಗೆ ಹೊಸದಲ್ಲ. ರೋಣದ ಭೀಮಸೇನ ಜೋಶಿಯವರು ಗುರುವನ್ನು ಹುಡುಕಿಕೊಂಡು ಹುಡುಗ ವಯಸ್ಸಿನಲ್ಲೇ ರೈಲು ಹತ್ತಿದವರು, ಕೊನೆಗೆ ಪುಣೆಯವರಾದರು. ಬಿಟ್ಟದ್ದು ಯಾಕೆ, ನಿಂತದ್ದು ಯಾಕೆ ಅಂತ ಕೇಳಿದರೆ ಗಾಯನವೂ ಬೇರೆ ಥರ ಕೇಳುತ್ತದೆ.

ಮೊದಲ ಸಾಲು ಬರೆಯಿರಿ: 1886, ರಿಯೊ ಡಿ ಜನೈರೊ, ಇಟಲಿಯ ಸಂಗೀತಕಾರ ವರ್ಡಿಯವರ "ಆಯಿದಾ". ಇದನ್ನು ನಿಧಾನವಾಗಿ ಓದಬೇಕು. ಟೊಸ್ಕಾನಿನಿಗೆ ಆಗ 19 ವರ್ಷ. ಪಾರ್ಮಾದ ಸಂಗೀತ ಶಾಲೆಯಲ್ಲಿ ಚೆಲ್ಲೊ (ಕೂತು ನುಡಿಸುವ ದೊಡ್ಡ ಪಿಟೀಲು) ಕಲಿತು ಹಿಂದಿನ ವರ್ಷವಷ್ಟೇ ಹೊರಬಿದ್ದ ಹುಡುಗ. ದಕ್ಷಿಣ ಅಮೆರಿಕಕ್ಕೆ ಹೊರಟ ಇಟಲಿಯ ಒಂದು ಕಂಪನಿಯಲ್ಲಿ ಚೆಲ್ಲೊ ನುಡಿಸುವ, ಮೇಳದವರಿಗೆ ಹಾಡು ಹೇಳಿಕೊಡುವ ಕೆಲಸ ಸಿಕ್ಕಿತ್ತು. ಕಂಪನಿಗೆ ಕಂಡಕ್ಟರ್ ಆಗಿದ್ದವರು ಬ್ರೆಜಿಲ್‌ನವರೇ, ಲಿಯೊಪೊಲ್ಡೊ ಮಿಗೇಜ್. ಕಂಪನಿಗೂ ಅವರಿಗೂ ಜಗಳ ಬಿದ್ದು ಅವರು ಬಿಟ್ಟುಬಿಟ್ಟರು. ಜೂನ್ 30ರ ರಾತ್ರಿ ಥಿಯೇಟರ್ ತುಂಬಿದೆ, ತಮ್ಮ ಊರಿನವರಿಗೆ ಅವಮಾನ ಆಯಿತು ಅಂತ ಜನ ಸಿಟ್ಟಿಗೆದ್ದಿದ್ದಾರೆ. ಬೇರೆಯವರು ಕೋಲು ಹಿಡಿಯಲು ಬಂದರು, ಕೂಗಾಡಿ ಕೆಳಗಿಳಿಸಿದರು. ಆಗ ಕಂಪನಿಯವರೇ ಚೆಲ್ಲೊ ನುಡಿಸುವ ಹುಡುಗನನ್ನು ಮುಂದೆ ತಳ್ಳಿದರು, ಯಾಕೆಂದರೆ ಇವನಿಗೆ "ಆಯಿದಾ" ಪೂರ್ತಿ ಬಾಯಿಪಾಠ ಅಂತ ಅವರಿಗೆ ಗೊತ್ತಿತ್ತು. ಹುಡುಗ ಬಂದು ನಿಂತ, ಮುಂದಿದ್ದ ಸ್ವರಪುಸ್ತಕ ಮುಚ್ಚಿದ, ಮೊದಲಿನಿಂದ ಕೊನೆಯವರೆಗೆ ನೆನಪಿನಿಂದಲೇ ನಡೆಸಿದ. ಗದ್ದಲ ಮಾಡಿದ ಜನವೇ ಚಪ್ಪಾಳೆ ಹೊಡೆದರು.

ಈ ಕತೆಯ ಮುಂದಿನ ಸಾಲು ಬಹಳ ಜನ ಬರೆಯುವುದಿಲ್ಲ, ನೀವು ಬರೆಯಿರಿ. ಇಷ್ಟೆಲ್ಲ ಆದ ಮೇಲೆ, ಮರುವರ್ಷ 1887ರ ಫೆಬ್ರುವರಿ 5ಕ್ಕೆ ಲಾ ಸ್ಕಾಲಾದಲ್ಲಿ ವರ್ಡಿಯವರ "ಒಟೆಲ್ಲೊ" ಮೊದಲ ಪ್ರಯೋಗ ನಡೆದಾಗ, ಟೊಸ್ಕಾನಿನಿ ಚೆಲ್ಲೊ ಹಿಡಿದು ವಾದಕರ ಸಾಲಿನಲ್ಲೇ ಕೂತಿದ್ದರು. ಕಂಡಕ್ಟರ್ ಆಗಿ ಹೆಸರು ಬಂದವರು ಮತ್ತೆ ಸಾಲಿಗೆ ಹೋಗಿ ಕೂತದ್ದು ವರ್ಡಿಯವರ ಕೆಲಸವನ್ನು ಒಳಗಿನಿಂದ ಕೇಳಲಿಕ್ಕೆ. ನನಗೆ ರಿಯೊದ ರಾತ್ರಿಗಿಂತ ಇದೇ ದೊಡ್ಡದು ಅನ್ನಿಸುತ್ತದೆ.

ಬಾಯಿಪಾಠದ ವಿಷಯಕ್ಕೂ ಒಂದು ಕಾರಣ ಇದೆ. ಅವರಿಗೆ ದೃಷ್ಟಿ ಬಹಳ ಮಂದ. ಎದುರಿಗಿನ ಸ್ವರಪುಸ್ತಕ ಓದುತ್ತ ನಡೆಸುವುದು ಆಗುತ್ತಿರಲಿಲ್ಲ, ಅದಕ್ಕೇ ಎಲ್ಲ ತಲೆಯಲ್ಲಿ ಇಟ್ಟುಕೊಂಡರು. ಗದಗಿನ ವೀರೇಶ್ವರ ಪುಣ್ಯಾಶ್ರಮ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದೆ ಎಷ್ಟು ವಾದ್ಯ, ಎಷ್ಟು ಪದ ತಲೆಯಲ್ಲಿ ಇಟ್ಟುಕೊಂಡಿದ್ದರು, ಎಷ್ಟು ಮಕ್ಕಳಿಗೆ ದಾಟಿಸಿದರು. ಆಶ್ರಮದ್ದೇ ನಾಟಕ ಕಂಪನಿಯೂ ಇತ್ತು. ಪುಸ್ತಕದಿಂದ ಕಣ್ಣು ತೆಗೆದವನಿಗೆ ಹಾಡುವವರ ಮುಖ ನೋಡಲು ಬಿಡುವು ಸಿಗುತ್ತದೆ.

ಇಟಲಿಯವರು ದಕ್ಷಿಣ ಅಮೆರಿಕಕ್ಕೆ ಯಾಕೆ ಹೋಗುತ್ತಿದ್ದರು? ಎರಡು ಕಾರಣ. ಒಂದು, ಆ ಕಾಲದಲ್ಲಿ ಲಕ್ಷಗಟ್ಟಲೆ ಇಟಲಿಯ ಬಡವರು ಕೆಲಸ ಹುಡುಕಿಕೊಂಡು ಅರ್ಜೆಂಟೀನಾ, ಬ್ರೆಜಿಲ್‌ಗೆ ಹೋಗಿ ನೆಲೆಸಿದ್ದರು, ಅವರಿಗೆ ತಮ್ಮ ಹಾಡು ಬೇಕಿತ್ತು. ಎರಡು, ಋತು. ಯೂರೋಪಿನಲ್ಲಿ ಬೇಸಿಗೆ ಬಂದು ಥಿಯೇಟರ್ ಮುಚ್ಚಿದಾಗ ಬ್ಯೂನಸ್ ಐರಿಸ್‌ನಲ್ಲಿ ಚಳಿಗಾಲ, ಅಲ್ಲಿ ಸೀಜನ್ ಶುರು. ಹಾಡುವವರು, ವಾದಕರು, ವೇಷಭೂಷಣದ ಪೆಟ್ಟಿಗೆಗಳು, ಎಲ್ಲ ಹಡಗು ಹತ್ತಿದರೆ ವರ್ಷಪೂರ್ತಿ ಹೊಟ್ಟೆ ತುಂಬುತ್ತಿತ್ತು. ನಮ್ಮ ಕಂಪನಿಗಳು ಸುಗ್ಗಿ ನೋಡಿ, ಜಾತ್ರೆ ನೋಡಿ ಕ್ಯಾಂಪ್ ಹಾಕುತ್ತಿದ್ದ ಲೆಕ್ಕವೇ ಇದು, ನಡುವೆ ಸಮುದ್ರ ಇತ್ತು ಅಷ್ಟೇ. ಟೊಸ್ಕಾನಿನಿ 1901, 1903, 1904, 1906ರಲ್ಲಿ ಬ್ಯೂನಸ್ ಐರಿಸ್‌ಗೆ ಹೋದರು. 1906ರಲ್ಲಿ ಅಲ್ಲಿದ್ದಾಗಲೇ ಅವರ ಪುಟ್ಟ ಮಗ ಜಾರ್ಜಿಯೊ ಗಂಟಲಮಾರಿ ಬಂದು ತೀರಿಕೊಂಡ. ನೋಟ್‌ಬುಕ್ಕಿನಲ್ಲಿ ಆ ಸಾಲಿನ ಮುಂದೆ ಅದನ್ನೂ ಬರೆಯಿರಿ. ಕ್ಯಾಂಪಿನ ಬದುಕು ಅಂದರೆ ಅದೂ ಸೇರಿ.

1903ರ ಸಾಲು ನಮ್ಮ ನಾಟಕದವರಿಗೆ ತಟ್ಟನೆ ಅರ್ಥವಾಗುತ್ತದೆ. ನಮ್ಮಲ್ಲಿ ಪದ ಚೆನ್ನಾಗಿ ಬಂತೆಂದರೆ ಜನ "ಒನ್ಸ್ ಮೋರ್" ಅಂತ ಕೂಗುತ್ತಿದ್ದರು, ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿತ್ತು. ಇಟಲಿಯಲ್ಲೂ ಹಾಗೇ. ಟೊಸ್ಕಾನಿನಿಗೆ ಅದು ಸೇರುತ್ತಿರಲಿಲ್ಲ. ಲಾ ಸ್ಕಾಲಾದಲ್ಲಿ ಆ ಸೀಜನ್ನಿನ ಕೊನೆಯ ರಾತ್ರಿ ಜನ ಒಂದು ಹಾಡಿಗೆ ಒನ್ಸ್ ಮೋರ್ ಕೇಳಿ ಪಟ್ಟು ಹಿಡಿದರು, ಇವರು ಕೊಡಲಿಲ್ಲ, ಥಿಯೇಟರ್ ಬಿಟ್ಟೇ ನಡೆದರು. ಮತ್ತೆ ಅಲ್ಲಿಗೆ ಬಂದದ್ದು 1906ರಲ್ಲಿ. ಇದರಲ್ಲಿ ನಾನು ಅವರ ಪಕ್ಷ ಪೂರ್ತಿ ವಹಿಸಲಾರೆ. ಕತೆ ಕಡಿಯಬಾರದು ಅನ್ನುವುದು ನಿಜ. ಆದರೆ ಎತ್ತಿನ ಗಾಡಿ ಕಟ್ಟಿಕೊಂಡು ಬಂದ ಮನುಷ್ಯ ವರ್ಷಕ್ಕೊಮ್ಮೆ ಕೇಳುವ ಪದವನ್ನು ಇನ್ನೊಮ್ಮೆ ಕೇಳಿದರೆ ಅದೂ ಪ್ರೀತಿಯೇ.

ಆಮೇಲೆ ನ್ಯೂಯಾರ್ಕ್. ಲಾ ಸ್ಕಾಲಾ ನೋಡಿಕೊಳ್ಳುತ್ತಿದ್ದ ಗಾಟ್ಟಿ-ಕಸಾಜ್ಜಾ ಅವರನ್ನು ಮೆಟ್ರೊಪಾಲಿಟನ್ ಕರೆಸಿಕೊಂಡಿತು, ಇವರೂ ಜೊತೆಗೆ ಹೋದರು. 1908ರ ನವೆಂಬರ್ 16ರಂದು ಮೊದಲ ರಾತ್ರಿ, ಮತ್ತೆ "ಆಯಿದಾ", ಹಾಡಿದವರಲ್ಲಿ ಎನ್ರಿಕೊ ಕರೂಸೊ. 1910ರ ಡಿಸೆಂಬರ್ 10ಕ್ಕೆ ಪುಚ್ಚಿನಿಯವರ ಹೊಸ ಕೃತಿಯೊಂದರ ಮೊಟ್ಟಮೊದಲ ಪ್ರಯೋಗ ಅಲ್ಲೇ ಆಯಿತು. 1915ರಲ್ಲಿ ಬಿಟ್ಟರು, ಖರ್ಚು ಉಳಿಸಲು ಕೆಲಸದ ಮಟ್ಟ ಇಳಿಸುತ್ತಾರೆ ಅನ್ನುವ ಸಿಟ್ಟು ಅದರಲ್ಲಿತ್ತು. 1920ರ ದಶಕ ಮತ್ತೆ ಲಾ ಸ್ಕಾಲಾ. ಅಲ್ಲಿ ಒಂದು ರಾತ್ರಿ ಮರೆಯಬಾರದು. ಪುಚ್ಚಿನಿ "ತುರಾಂದೋತ್" ಮುಗಿಸುವ ಮುಂಚೆಯೇ 1924ರಲ್ಲಿ ತೀರಿಕೊಂಡಿದ್ದರು, ಉಳಿದದ್ದನ್ನು ಬೇರೆಯವರು ಬರೆದು ಪೂರೈಸಿದ್ದರು. 1926ರ ಏಪ್ರಿಲ್ 25ರ ಮೊದಲ ಪ್ರಯೋಗದಲ್ಲಿ, ಪುಚ್ಚಿನಿಯವರ ಕೈ ನಿಂತ ಜಾಗಕ್ಕೆ ಬಂದ ಕೂಡಲೇ ಟೊಸ್ಕಾನಿನಿ ಕೋಲು ಕೆಳಗಿಟ್ಟರು, ಜನರ ಕಡೆ ತಿರುಗಿ ನಾಲ್ಕು ಮಾತು ಹೇಳಿದರು, ಪರದೆ ಬಿತ್ತು. ಆ ರಾತ್ರಿ ಅಷ್ಟೇ.

ಈಗ ಪರದೇಶ ಅನ್ನುವ ಮಾತಿನ ಅರ್ಥವೇ ಬದಲಾಗುವ ಸಾಲುಗಳು. ಇಲ್ಲಿಯವರೆಗೆ ಅವರು ಹೋದದ್ದು ಕೆಲಸಕ್ಕೆ, ಇನ್ನು ಮುಂದೆ ಹೋದದ್ದು ಒಪ್ಪದೆ. 1931ರ ಮೇ 14, ಬೊಲೊನ್ಯಾ. ಕಚೇರಿಗೆ ಮುಂಚೆ, ಆಗ ಇಟಲಿ ಆಳುತ್ತಿದ್ದ ಮುಸೊಲಿನಿಯ ಪಕ್ಷದ ಹಾಡು ನುಡಿಸಬೇಕು ಅಂತ ಒತ್ತಾಯ. ನುಡಿಸುವುದಿಲ್ಲ ಅಂದರು. ಥಿಯೇಟರ್ ಬಾಗಿಲಲ್ಲೇ ಗುಂಪು ಕಟ್ಟಿ 64 ವರ್ಷದ ಆ ಮನುಷ್ಯನ ಮುಖಕ್ಕೆ ಹೊಡೆದರು. ಪಾಸ್‌ಪೋರ್ಟ್ ಕಿತ್ತುಕೊಂಡರು, ಆಮೇಲೆ ಹೊರಗಿನ ದೇಶಗಳಲ್ಲಿ ಗದ್ದಲ ಆದಾಗ ವಾಪಸ್ ಕೊಟ್ಟರು. ಆ ಆಡಳಿತ ಇರುವವರೆಗೆ ಅವರು ಇಟಲಿಯಲ್ಲಿ ಮತ್ತೆ ಕೋಲು ಹಿಡಿಯಲಿಲ್ಲ. ಜರ್ಮನಿಯ ಬೈರಾಯ್ಟ್‌ನಲ್ಲಿ, ಅಲ್ಲಿನ ಸಂಗೀತಕಾರ ವ್ಯಾಗ್ನರ್ ಅವರ ಒಪೆರಾಗಳ ಉತ್ಸವದಲ್ಲಿ, 1930ರಲ್ಲಿ ನಡೆಸಿದ, ಜರ್ಮನ್ ಪರಂಪರೆಯ ಹೊರಗಿನ ಮೊದಲ ಕಂಡಕ್ಟರ್ ಅವರು, ವ್ಯಾಗ್ನರ್ ಅಂದರೆ ಅವರಿಗೆ ಜೀವ. ಹಿಟ್ಲರ್ ಬಂದ ಮೇಲೆ 1933ರಲ್ಲಿ ಅದನ್ನೂ ಬಿಟ್ಟರು. 1936ರ ಡಿಸೆಂಬರ್ 26ರಂದು ಟೆಲ್ ಅವೀವ್‌ನಲ್ಲಿ, ಯೂರೋಪಿನಿಂದ ಓಡಿಬಂದ ಯಹೂದಿ ವಾದಕರ ಹೊಸ ವಾದ್ಯಮೇಳದ ಮೊದಲ ಕಚೇರಿ ನಡೆಸಿಕೊಟ್ಟರು, ಒಂದು ಪೈಸೆ ತೆಗೆದುಕೊಳ್ಳದೆ. 1937ರ ಕ್ರಿಸ್ಮಸ್ ದಿನದಿಂದ ನ್ಯೂಯಾರ್ಕಿನ ರೇಡಿಯೋ ವಾದ್ಯಮೇಳ. ಯುದ್ಧದಲ್ಲಿ ಬಾಂಬ್ ಬಿದ್ದು ಒಡೆದ ಲಾ ಸ್ಕಾಲಾ ಮತ್ತೆ ಕಟ್ಟಿ 1946ರ ಮೇ 11ಕ್ಕೆ ತೆರೆದಾಗ, ಬಂದು ನಡೆಸಿದರು. ಕೊನೆಯ ಕಚೇರಿ 1954ರ ಏಪ್ರಿಲ್ 4, ವಯಸ್ಸು 87. ತೀರಿಕೊಂಡದ್ದು 1957ರ ಜನವರಿ 16ರಂದು. ಮಣ್ಣು ಮಾಡಿದ್ದು ಮಿಲಾನಿನಲ್ಲಿ, ಆ ಪುಟ್ಟ ಮಗನ ಜೊತೆಗೆ.

"ಯಾಕೆ ಬಿಟ್ಟರು" ಅನ್ನುವ ಗೆರೆ ಯಾಕೆ ಬೇಕು ಅಂತ ಈಗ ಗೊತ್ತಾಯಿತಲ್ಲ. ಅಂದ ಹಾಗೆ, ಅವರು ವಾದಕರ ಮೇಲೆ ಬಹಳ ರೇಗುತ್ತಿದ್ದರು, ಕೂಗಾಡುತ್ತಿದ್ದರು, ಅದರ ರೆಕಾರ್ಡಿಂಗೂ ಇವೆ. ಅದನ್ನು ಕೆಲವರು ದೊಡ್ಡತನದ ಗುರುತು ಅನ್ನುವ ಹಾಗೆ ಹಂಚುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹೊಟ್ಟೆಪಾಡಿಗೆ ಕೂತ ವಾದಕನ ಮೇಲೆ ಕೂಗುವುದು ಯಾವ ದೇಶದಲ್ಲೂ ಸರಿಯಲ್ಲ.

ಒಬ್ಬರನ್ನು ಮುಗಿಸಿದ ಮೇಲೆ ಅದೇ ನೋಟ್‌ಬುಕ್ಕನ್ನು ಇನ್ನೊಂದು ರೀತಿ ಬಳಸಬಹುದು. ಒಂದು ಕೃತಿ ಹಿಡಿದು ಅದರ ಹಿಂದೆ ಹೋಗಿ. "ಆಯಿದಾ" ನೋಡಿ: 1871ರಲ್ಲಿ ಈಜಿಪ್ಟಿನ ಕೈರೋದಲ್ಲಿ ಮೊದಲ ಪ್ರಯೋಗ, ನಡೆಸಿದವರು ಇಟಲಿಯ ಬೊಟ್ಟೆಸಿನಿ. 1886ರಲ್ಲಿ ರಿಯೊ, ನಮ್ಮ ಹುಡುಗ. 1908ರ ಮೇ 25ರಂದು ಬ್ಯೂನಸ್ ಐರಿಸ್‌ನ ಕೊಲೊನ್ ಥಿಯೇಟರ್ ಹೊಸ ಕಟ್ಟಡದ ಬಾಗಿಲು ತೆರೆದದ್ದು "ಆಯಿದಾ"ದಿಂದ, ನಡೆಸಿದವರು ಮಾನ್ಚಿನೆಲ್ಲಿ, ಇಟಲಿಯವರೇ. 2001ರ ಏಪ್ರಿಲ್ 20ರಂದು ಬರ್ಲಿನ್ನಿನಲ್ಲಿ "ಆಯಿದಾ" ನಡೆಸುತ್ತಿದ್ದಾಗಲೇ ಜುಸೆಪ್ಪೆ ಸಿನೊಪೊಲಿ ಕುಸಿದು ಬಿದ್ದು ಜೀವ ಬಿಟ್ಟರು. ನಾಲ್ಕು ಊರು, ಎಲ್ಲೂ ಇಟಲಿಯಲ್ಲ.

ಈಗ ನಮ್ಮ ಕಾಲದವರು. ಇವರಲ್ಲಿ ದಾರಿ ಮೂರು ನಾಲ್ಕು ಥರ. ಅಂಟೋನಿಯೊ ಪಪ್ಪಾನೊ ಅವರದು ನನಗೆ ಎಲ್ಲಕ್ಕಿಂತ ಹತ್ತಿರ. ಇಟಲಿಯಿಂದ ಇಂಗ್ಲೆಂಡಿಗೆ ದುಡಿಯಲು ಹೋದ ಮನೆಯಲ್ಲಿ 1959ರಲ್ಲಿ ಹುಟ್ಟಿದರು. ಅಪ್ಪ ಹಾಡು ಹೇಳಿಕೊಡುತ್ತಿದ್ದರು, ಮಗ ಅಪ್ಪನ ಶಿಷ್ಯರಿಗೆ ಪಿಯಾನೊ ಸಾಥ್ ಕೊಡುತ್ತ ಬೆಳೆದ. ಧಾರವಾಡದಲ್ಲಿ ಇಂಥ ಮನೆ ಎಷ್ಟಿವೆ! ಸಂಗೀತ ಕಾಲೇಜಿನ ಮೆಟ್ಟಿಲು ಹತ್ತದೆ, ತಾಲೀಮಿನಲ್ಲಿ ಪಿಯಾನೊ ನುಡಿಸುವ ಕೆಲಸದಿಂದ ಮೇಲೆ ಬಂದು, 2002ರಿಂದ 2024ರವರೆಗೆ ಲಂಡನ್ನಿನ ರಾಯಲ್ ಒಪೆರಾ ನಡೆಸಿದರು. ಜಿನೋವಾದ ಫಾಬಿಯೊ ಲೂಯಿಸಿ ಓದಲು ಆಸ್ಟ್ರಿಯಾದ ಗ್ರಾಜ್‌ಗೆ ಹೋದರು, ಜರ್ಮನ್ ಮಾತಾಡುವ ಊರುಗಳಲ್ಲೇ ಬೇರು ಬಿಟ್ಟರು, ಆಮೇಲೆ ನ್ಯೂಯಾರ್ಕ್, ಡಲ್ಲಾಸ್. ನೇಪಲ್ಸ್‌ನ ರಿಕಾರ್ಡೊ ಮುತಿ ಲಂಡನ್, ಫಿಲಡೆಲ್ಫಿಯಾ, ಆಮೇಲೆ 1986ರಿಂದ 2005ರವರೆಗೆ ಲಾ ಸ್ಕಾಲಾ, ಅಲ್ಲಿ ಮನಸ್ತಾಪವಾಗಿ ಬಿಟ್ಟು 2010ರಿಂದ 2023ರವರೆಗೆ ಶಿಕಾಗೊ. ರೋಮಿನ ಸ್ಪೆರಾಂಜಾ ಸ್ಕಪ್ಪುಚ್ಚಿ ಅವರನ್ನು ಮಾತ್ರ ತಪ್ಪದೆ ಬರೆಯಿರಿ. ವಿಯೆನ್ನಾದಲ್ಲಿ ವರ್ಷಗಟ್ಟಲೆ ತಾಲೀಮಿನ ಪಿಯಾನೊ ನುಡಿಸಿದವರು, ಬೆಲ್ಜಿಯಂನ ಲಿಯೆಜ್ ಒಪೆರಾ ನಡೆಸಿದವರು. 2022ರ ಜನವರಿಯಲ್ಲಿ ಲಾ ಸ್ಕಾಲಾದಲ್ಲಿ ಬೇರೊಬ್ಬರು ಬರಲಾಗದೆ ಇದ್ದಾಗ ಇವರು ಬಂದು ನಿಂತರು, ಅಲ್ಲಿ ಒಪೆರಾ ನಡೆಸಿದ ಇಟಲಿಯ ಮೊದಲ ಹೆಂಗಸು ಆದರು. ರಿಯೊದ ರಾತ್ರಿ ನೆನಪಾಗುತ್ತದೆ ಅಲ್ವಾ?

ಇವರ ಬಗ್ಗೆ ಓದುವಾಗ ಹುದ್ದೆಯ ಹೆಸರಿಗೆ ಮೋಸ ಹೋಗಬೇಡಿ. ಮ್ಯೂಸಿಕ್ ಡೈರೆಕ್ಟರ್ ಅಂದರೆ ಅಲ್ಲಿ ಸಿನಿಮಾ ಸಂಗೀತ ಕಟ್ಟುವವರಲ್ಲ, ಆ ಥಿಯೇಟರಿನ ಸಂಗೀತದ ಪೂರ್ತಿ ಹೊಣೆ ಹೊತ್ತವರು: ಯಾವ ಕೃತಿ, ಯಾರು ಹಾಡಬೇಕು, ಯಾವ ವಾದಕರನ್ನು ತೆಗೆದುಕೊಳ್ಳಬೇಕು. ಗೆಸ್ಟ್ ಕಂಡಕ್ಟರ್ ಒಂದು ಕೃತಿಗೆ ಬಂದು, ಕೆಲವು ವಾರ ತಾಲೀಮು ಮಾಡಿಸಿ, ಪ್ರಯೋಗ ಮುಗಿಸಿ ಹೋಗುವವರು. ಯಾರು ಎಲ್ಲಿ ಯಾವ ರಾತ್ರಿ ನಡೆಸಿದರು ಅಂತ ನೋಡಲು ಮೆಟ್ರೊಪಾಲಿಟನ್ ಒಪೆರಾದ ಹಳೆಯ ದಾಖಲೆ ಇಂಟರ್‌ನೆಟ್ಟಿನಲ್ಲಿ ತೆರೆದಿಟ್ಟಿದ್ದಾರೆ, 1883ರಿಂದ ಇಲ್ಲಿಯವರೆಗೆ ಪ್ರಯೋಗಗಳ ಲೆಕ್ಕ. ಟೊಸ್ಕಾನಿನಿ ಹೆಸರು ಹಾಕಿ ನೋಡಿ. ಒಂದು ವಾರದಲ್ಲಿ ಎಷ್ಟು ರಾತ್ರಿ ನಿಂತಿದ್ದಾರೆ ಅಂತ ಎಣಿಸಿದರೆ ಕಾಲು ನೋವು ನಮಗೇ ಬರುತ್ತದೆ.

ನೇರ ಕೇಳಬೇಕು ಅಂದರೆ ಗಡಿಯಾರದ ಲೆಕ್ಕ ಹೀಗೆ. ಲಾ ಸ್ಕಾಲಾದ ಸೀಜನ್ ಪ್ರತಿವರ್ಷ ಡಿಸೆಂಬರ್ 7ಕ್ಕೆ ಶುರು, ಅಲ್ಲಿ ಸಂಜೆ 6 ಅಂದರೆ ನಮಗೆ ರಾತ್ರಿ 10:30. ನ್ಯೂಯಾರ್ಕಿನ ಶನಿವಾರ ಮಧ್ಯಾಹ್ನದ ಆಟ ರೇಡಿಯೋದಲ್ಲಿ ಬರುತ್ತದೆ, ಅಲ್ಲಿ 1 ಗಂಟೆ ಅಂದರೆ ಚಳಿಗಾಲದಲ್ಲಿ ನಮಗೆ ರಾತ್ರಿ 11:30. ಅಹೋರಾತ್ರಿ ಸಂಗೀತ ಕೇಳಿದವರಿಗೆ ಇದು ದೊಡ್ಡ ವಿಷಯವಲ್ಲ. ಊಟ ಬೇಗ ಮುಗಿಸಿ, ಆಯಾ ಅಂಕದ ಕತೆ ಮೊದಲೇ ಓದಿಕೊಂಡು ಕೂರಿ. ವಿಡಿಯೋ ಸಿಕ್ಕರೆ ಹತ್ತು ನಿಮಿಷ ಸದ್ದು ಪೂರ್ತಿ ತೆಗೆದು ಕಂಡಕ್ಟರ್ ಮುಖ ಮಾತ್ರ ನೋಡಿ. ಒಳ್ಳೆಯವರು ಹಾಡುವವರ ಜೊತೆ ಬಾಯಿ ಆಡಿಸುತ್ತಿರುತ್ತಾರೆ, ಅವರ ಜೊತೆಗೇ ಉಸಿರು ಎಳೆಯುತ್ತಾರೆ.

ನಿಮ್ಮ ಮನೆಯ ಹುಡುಗ ಅಥವಾ ಹುಡುಗಿ ಇದೇ ಕೆಲಸಕ್ಕೆ ಹೋಗುತ್ತೇನೆ ಅಂದರೆ ತಡೆಯಬೇಡಿ. ಪಿಯಾನೊ ಬೇಕು, ಅವರ ಸ್ವರಲಿಪಿ ಓದಲು ಬರಬೇಕು, ಇಟಾಲಿಯನ್ ಮೊದಲು, ಆಮೇಲೆ ಜರ್ಮನ್, ಫ್ರೆಂಚ್. ಬಾಗಿಲು ತಾಲೀಮಿನ ಪಿಯಾನೊ ಕಡೆಯಿಂದ ತೆರೆಯುತ್ತದೆ. ಇಲ್ಲಿ ಕೂತು ಕಲಿತ ಖ್ಯಾಲ್ ಏನೂ ವ್ಯರ್ಥ ಆಗುವುದಿಲ್ಲ, ಉಸಿರಿನ ಲೆಕ್ಕ ಅಲ್ಲೂ ಅದೇ.

ಕೊನೆಗೆ 1946ರ "ಲಾ ಬೊಹೆಮ್"ಗೆ ವಾಪಸ್ ಬನ್ನಿ, ಈ ಸಲ ಪೂರ್ತಿ ಕೇಳಿ. ಕಂಠಗಳ ಹಿಂದೆ, ವಾದ್ಯಗಳ ನಡುವೆ, ಅಲ್ಲಲ್ಲಿ ಒಂದು ಒರಟು ಮುದಿ ದನಿ ಗುನುಗುವುದು ಕೇಳಿಸುತ್ತದೆ. ಮೈಕಿಗೆ ಸಿಕ್ಕಿಬಿಟ್ಟ ದನಿ. ಕಾಕಾ ಈಗ ಎಂಬತ್ತು ದಾಟಿದ್ದಾರೆ, ಕಿವಿ ಇನ್ನೂ ಚುರುಕು. ಹೋದ ಸಲ ಗದಗಿಗೆ ಹೋದಾಗ ಅವರ ಹಾಸಿಗೆಯ ಪಕ್ಕ ಕೂತು ಇದನ್ನು ಹಚ್ಚಿದೆ. ಕಣ್ಣು ಮುಚ್ಚಿ ಕೇಳಿದರು, ಬೆರಳು ಹೊದಿಕೆಯ ಮೇಲೆ ಆಡುತ್ತಿತ್ತು. ನಡುವೆ ತಟ್ಟನೆ ಕೇಳಿದರು, "ಯಾರೋ ಅಂವ, ಹಿಂದಿಂದ ಹಾಡಾಂವ?" "ಮಾಸ್ತರ, ಕಾಕಾ. 78 ವರ್ಷ ಆಗಿತ್ತು ಆಗ" ಅಂದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಹಾಡು ಮುಗಿದ ಮೇಲೆ ಅಂದರು, "ಇನ್ನೊಮ್ಮೆ ಹಚ್ಚು."